ಪಂಚಮಿ ಹಾಲು, ಹೆಣ್ಮಕ್ಕಳ ಪಾಲು

ನಾಗರ ಅಮಾಸಿ ಬಂತಂದ್ರ ನಮ್ಮ ಓಣ್ಯಾಗ ಶೇಂಗಾ ಹುರಿಯೋ ವಾಸನಿ ಸುರು ಆಗತೈತಿ. ಮೊನ್ನೆ ನಾನೂ ಶೇಂಗಾ ಹುರದು, ಮರದಾಗ ಹಾಕ್ಕೊಂಡು ಸಿಪ್ಪಿ ಕೇರಕೋತ ಕಟ್ಟಿ ಮ್ಯಾಲ ಕುಂತಿದ್ದೆ. ಬಾಜೂ ಮನಿ ಅಕ್ಕಾರು ಬಂದ್ರು. ಅವರು ಮಂಡ್ಯದ ಕಡಿಯವರು, ಯಜಮಾನ್ರಿಗೆ ಹುಬ್ಬಳ್ಳಿಗೆ ವರ್ಗ ಆಗಿ ಎರಡು ವರ್ಷ ಆತು. "ನಾಗರಪಂಚಮಿಗೆ ಇಷ್ಟೊಂದು ಉಂಡೆ ಯಾಕ್ರೀ? ನಮ್ಮಲ್ಲಿ ತನಿ ಎರೆದು, ಅಣ್ಣ-ತಮ್ಮಂದಿರ ಬೆನ್ನು ತೊಳೆದ್ರೆ ಹಬ್ಬ ಮುಗೀತು. ತವರಿನ ಹಬ್ಬ ಅಂದ್ರೆ ನಮಗೆ ಗೌರಿ ಹಬ್ಬ" ಅಂದ್ರು.

"ನಮಗ ಪಂಚಮೀನ ಗೌರಿ ಹಬ್ಬ ರೀ" ಅಂದೆ. ಅವರಿಗೆ ಅಷ್ಟು ಸಾಕಾತು, ಒಂದು ಮುಷ್ಟಿ ಶೇಂಗಾ ಬಾಯಾಗ ಹಾಕ್ಕೊಂಡು ಹೋದ್ರು. ನನಗ ಮಾತ್ರ ಮಾತು ಅಲ್ಲಿಗೆ ಮುಗೀಲಿಲ್ಲ. ಪಂಚಮಿ ನಮ್ಮ ಕಡೆ ಹೆಣ್ಮಕ್ಕಳ ಹಬ್ಬ ಹೆಂಗಾತು, ಅದರ ಹಿಂದ ಏನೇನೈತಿ ಅನ್ನೋದನ್ನ ಒಮ್ಮೆ ಕುಂತು ಬರೀಬೇಕು ಅನ್ನಿಸಿತು. ನಮ್ಮ ಮನ್ಯಾಗ ಆದದ್ದನ್ನೂ ಬರೀತೀನಿ. ಅಕ್ಕನ್ನ ಕೇಳೇನಿ, "ಬರಿ, ಯಾರಿಗರೆ ಉಪಯೋಗ ಆದೀತು" ಅಂದಾಳ.

ಮೊದಲ ಹಬ್ಬದ ಮಾತು. ಶ್ರಾವಣ ಶುದ್ಧ ಪಂಚಮಿ ಅಂತ ಪಂಚಾಂಗದಾಗ ಒಂದ ದಿನ ಇರತೈತಿ, ನಮ್ಮೂರಾಗ ಅದು ಮೂರು ದಿನದ್ದು. ನಮ್ಮೂರು ನವಲಗುಂದ ತಾಲೂಕಿನ್ಯಾಗ, ಸುತ್ತ ಎರಿ ಹೊಲ. ಮೊದಲನೇ ದಿನ ರೊಟ್ಟಿ ಹಬ್ಬ. ಅವತ್ತ ಊರೆಲ್ಲ ರೊಟ್ಟಿ ಬಡಿಯೋ ಸಪ್ಪಳ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಕ ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಮಡಕಿಕಾಳು ಪಲ್ಯ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಮೊಸರು. ಒಂದ ಮನಿ ರೊಟ್ಟಿ ಹತ್ತು ಮನಿಗೆ ಹೋಗಬೇಕು, ಹತ್ತು ಮನಿವು ಒಂದ ಮನಿಗೆ ಬರಬೇಕು. ಸಂಜಿಕ ಬುಟ್ಟ್ಯಾಗ ನೋಡಿದ್ರ ನಮ್ಮ ರೊಟ್ಟಿ ಒಂದೂ ಉಳದಿರತಿರಲಿಲ್ಲ, ಎಲ್ಲಾ ಮಂದಿವ. ಯಾರ ರೊಟ್ಟಿ ತೆಳ್ಳಗ, ಯಾರದು ದಪ್ಪ ಅಂತ ಅವ್ವ ಮುರದು ನೋಡಿ ಹೇಳತಿದ್ಲು.

ಇಷ್ಟೆಲ್ಲಾ ಮುಂಚೇಕ ಬಡದು ಇಡಾಕ ಕಾರಣ ಐತಿ. ಹಾಲೆರಿಯೋ ದಿನ ಒಲಿ ಮ್ಯಾಲ ಹಂಚು ಇಡೂ ಹಂಗಿಲ್ಲ. ಹಂಚು ಅಂದ್ರ ನಾಗಪ್ಪನ ಹೆಡಿ ಅಂತ ನಂಬಿಗಿ. ಹೆಚ್ಚೂ ಹಂಗಿಲ್ಲ, ಕರಿಯೂ ಹಂಗಿಲ್ಲ, ನೆಲಾ ಅಗಿಯೂ ಹಂಗಿಲ್ಲ. ಕುಚ್ಚಿದ್ದು, ಕುದಿಸಿದ್ದು ಅಷ್ಟ. ನಮ್ಮ ಅಜ್ಜಿ ಒಂದು ಮಾತು ಹೇಳತಿದ್ಲು, "ನಾಗಪ್ಪನ ನೆವದಾಗ ಹೆಣಮಗಳ ಕೈಗೆ ಒಂದ ದಿನ ಸೂಟಿ ಸಿಗತೈತಿ, ಸಿಗಲಿ ಬಿಡು" ಅಂತ.

ಎರಡನೇ ದಿನ ಚೌತಿ. ತಲಿ ತುಂಬ ನೀರು ಹಾಕ್ಕೊಂಡು, ಹೊಸಾ ಸೀರಿ ಉಟ್ಟು, ಅರಿಶಿಣ ಹಚ್ಚಿದ ಹಂಗನೂಲು ಕೊರಳಾಗ ಹಾಕ್ಕೊಂಡು ಹೆಣ್ಮಕ್ಕಳೆಲ್ಲ ಊರ ಹೊರಗಿನ ಕಲ್ಲನಾಗಪ್ಪಗ ಹಾಲೆರಿಯಾಕ ಹೋಗತಿದ್ವಿ. ಅಳ್ಳು, ಅಳ್ಳಿಟ್ಟು, ತಂಬಿಟ್ಟು, ಎಳ್ಳ ಚಿಗಳಿ, ನೆನಗಡ್ಲಿ ನೈವೇದ್ಯ. ಮೂರನೇ ದಿನ ಪಂಚಮಿ. ಹುತ್ತಿನ ಮಣ್ಣು ತಂದು ಮಾಡಿದ ನಾಗಪ್ಪಗ ಮನ್ಯಾಗ ಹಾಲು. ಬೆಲ್ಲದ ಹಾಲನ್ನ ಕೊಬ್ಬರಿ ಬಟ್ಟಲದಾಗ ತುಂಬಿಕೊಂಡು, ಒಬ್ಬೊಬ್ಬರ ಹೆಸರು ತಗೊಂಡು ಎರಿಬೇಕು. ಗುರುವಿನ ಪಾಲು, ಹಿರ್ಯಾರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಅಕ್ಕನ ಪಾಲು. ಮನ್ಯಾಗಿನ ಕೂಸಿನ ಪಾಲೂ ಬಿಡೂ ಹಂಗಿಲ್ಲ. ಈ "ಪಾಲು" ಅನ್ನೋ ಶಬ್ದ ನೆನಪಿನ್ಯಾಗ ಇಟ್ಟುಕೊಳ್ರಿ, ಮುಂದ ಬರತೈತಿ.

ಹಾಲೆರದು ಬಂದ್ವೆಂದ್ರ ಜೋಕಾಲಿ. ಅಗಸಿ ಬಾಗಲದ ಬೇವಿನ ಗಿಡಕ್ಕ ದಪ್ಪ ಹಗ್ಗ ಕಟ್ಟಿ, ಇಬ್ಬಿಬ್ಬರು ಎದುರಾಬದುರ ನಿಂತು ಜೀಕೋದು. ಮ್ಯಾಲಿನ ಟೊಂಗಿ ಎಲಿ ಬಾಯಿಲೆ ಹರಕೊಂಡು ಬಂದಾಕಿ ಗೆದ್ದಂಗ. ಹುಡುಗರು ಕೊಬ್ಬರಿ ಬಟ್ಟಲಕ್ಕ ತೂತು ಹಾಕಿ ದಾರ ಪೋಣಿಸಿ ಗಿರಗಿರ ತಿರುಗಿಸೋರು. ಗಂಡಸರು ನಿಂಬಿಹಣ್ಣು ಒಗಿಯೋ ಪಂದ್ಯ ಕಟ್ಟೋರು. ಗಂಡನ ಮನ್ಯಾಗ ತಲಿ ಮ್ಯಾಗಿನ ಸೆರಗು ಜಾರಗೊಡದ ಸೊಸಿ ತವರೂರ ಜೋಕಾಲಿ ಮ್ಯಾಲ ಸೆರಗು ಸೊಂಟಕ್ಕ ಕಟ್ಟಿ ಜೀಕತಿದ್ಲು, ಯಾರೂ ಏನೂ ಅನ್ನೂ ಹಂಗಿರಲಿಲ್ಲ.

ಇದಕ್ಕೆಲ್ಲಾ ಮೊದಲ ಒಂದು ಆಗಬೇಕಿತ್ತು. ಅಣ್ಣ ಇಲ್ಲಾ ತಮ್ಮ ಬಂದು ಕರಕೊಂಡು ಹೋಗಬೇಕಿತ್ತು. ನಾಗರ ಅಮಾಸಿ ಮುಂದ-ಹಿಂದ ಚಕ್ಕಡಿ ಕಟ್ಟಿಕೊಂಡು ಬರೋರು, ಆಮೇಲೆ ಬಸ್ಸು. ಬರೂ ಮುಂದ ಅವರ ಕೈಯಾಗ ಬುಟ್ಟಿ, ಹೊಳ್ಳಿ ಕಳಸೂ ಮುಂದ ನಮ್ಮ ಕೈಯಾಗ ಬುಟ್ಟಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ ಉಂಡಿ, ರವಾ ಉಂಡಿ, ಪುಟಾಣಿ ಉಂಡಿ, ಗುಳ್ಳಡಿಕಿ ಉಂಡಿ. ಸೊಸಿ ತಂದ ಉಂಡಿ ಎಷ್ಟು, ಯಾವ ನಮೂನಿ ಅಂತ ಓಣಿಯೆಲ್ಲ ಎಣಿಸೋರು. ಪಂಚಮಿ ಬಂದರೂ ಅಣ್ಣ ಕರಿಯಾಕ ಬರಲಿಲ್ಲ ಅಂತ ಅಳೋ ಹಾಡು ನಮ್ಮ ಕಡೆ ಎಷ್ಟದಾವು ಅನ್ನೋದು ಬೀಸೋಕಲ್ಲ ಮುಂದ ಕುಂತವರಿಗೆಲ್ಲ ಗೊತ್ತು. ಹಬ್ಬದ ಕಥಿನೂ ಅಣ್ಣ-ತಂಗಿದ. ಹಾವು ಕಚ್ಚಿ ಸತ್ತ ಅಣ್ಣನ್ನ ತಂಗಿ ನಾಗಪ್ಪನ ಪೂಜಿ ಮಾಡಿ ಬದುಕಿಸಿಕೊಂಡ್ಲು ಅಂತ.

ಬ್ಯಾರೆ ಕಡೆ ಪದ್ಧತಿ ಬ್ಯಾರೆ. ಮಂಗಳೂರು-ಉಡುಪಿ ಕಡೆ ನಾಗಬನಕ್ಕ ಹೋಗಿ ತನು ಹಾಕಸ್ತಾರ, ಎಳನೀರು ಅಭಿಷೇಕ ಮಾಡ್ತಾರ, ಅರಿಶಿಣದ ಎಲ್ಯಾಗ ಸುತ್ತಿ ಬೇಯಿಸಿದ ಕಡಬು ತಿಂತಾರ. ಅಲ್ಲಿ ಅದು ಕುಟುಂಬದ ಮೂಲಸ್ಥಾನದ ಪೂಜಿ, ಮನಿ ಮಂದಿಯೆಲ್ಲಾ ಕೂಡತಾರ. ಮೈಸೂರು-ಮಂಡ್ಯದ ಕಡೆ ಅಣ್ಣ-ತಮ್ಮರ ಬೆನ್ನಿಗೆ ಹಾಲು, ತುಪ್ಪ ಹಚ್ಚಿ ತವರು ತಣ್ಣಗಿರಲಿ ಅಂತ ಹರಸ್ತಾರ. ಆದ್ರ ತವರಿನ ಬಾಗಿನ, ಗೌರಿ ದುಡ್ಡು ಬರೋದು ಭಾದ್ರಪದದ ಗೌರಿ ಹಬ್ಬಕ್ಕ. ದಿನ ಬ್ಯಾರೆ, ದೇವರು ಬ್ಯಾರೆ, ಕೊಟ್ಟ ಮಗಳನ್ನ ವರ್ಷಕ್ಕೊಮ್ಮೆ ತವರು ನೆನೀಬೇಕು ಅನ್ನೋ ಕಟ್ಟಳಿ ಎರಡೂ ಕಡೆ ಒಂದ. ಬಾಜೂ ಮನಿ ಅಕ್ಕಾರಿಗೆ ನಾನು ಇದನ್ನ ಹೇಳಬೇಕಿತ್ತು.

ಈಗ ಹಳೇ ಕಾಲಕ್ಕ ಹೋಗೂಣು. ಬನವಾಸಿಗೆ ಹೋದವರು ಮಧುಕೇಶ್ವರ ಗುಡ್ಯಾಗ ಒಂದು ಐದು ಹೆಡಿ ನಾಗರಕಲ್ಲು ನೋಡಿರಬೇಕು. ನಾನು ಅದನ್ನ ನೋಡಿದ್ದು ಮಗಳ ಸಾಲಿ ಪ್ರವಾಸದಾಗ, ತಾಯಂದಿರನ್ನೂ ಕರಕೊಂಡು ಹೋಗಿದ್ರು. ಆ ಕಲ್ಲಿನ ಮ್ಯಾಲ ಬ್ರಾಹ್ಮಿ ಲಿಪಿಯೊಳಗ, ಪ್ರಾಕೃತ ಭಾಷಾದಾಗ ಬರದೈತಿ. ಕನ್ನಡದ ಹಲ್ಮಿಡಿ ಶಾಸನಕ್ಕಿಂತ ಹಳೇದು, ಸುಮಾರು 1,700-1,800 ವರ್ಷದ ಹಿಂದಿನದು, ಚುಟು ಅರಸರ ಕಾಲದ್ದು. ಅದರಾಗ ಬರದದ್ದು ಇಷ್ಟು: ಮಹಾರಾಜನ ಮಗಳು ಶಿವಸ್ಕಂದನಾಗಶ್ರೀ ಅನ್ನಾಕಿ ಈ ನಾಗನ್ನ, ಒಂದು ಕೆರಿಯನ್ನ, ಒಂದು ವಿಹಾರವನ್ನ ದಾನ ಕೊಟ್ಟಳು. ನಾಗನ್ನ ಕಡದ ಶಿಲ್ಪಿ ಹೆಸರು ನಟಕ.

ಮಗಳು ಗೈಡ್ ಹೇಳಿದ್ದನ್ನ ಬರಕೋತಿದ್ಲು. ನಾನು ಕಲ್ಲು ನೋಡಕೋತ ನಿಂತೆ. ಆ ಕಾಲದಾಗ ಪಂಚಮಿ ಇತ್ತು, ಆಕಿ ಹಾಲೆರದ್ಲು ಅಂತ ಆ ಶಾಸನ ಹೇಳೂದಿಲ್ಲ. ಆದ್ರ ನಮ್ಮ ನಾಡಿನ ಇಷ್ಟು ಹಳೇ ನಾಗರಕಲ್ಲು ಒಬ್ಬ ಹೆಣಮಗಳು ಕೊಟ್ಟದ್ದು, ಆಕಿ ಹೆಸರೊಳಗೂ ನಾಗ ಐತಿ, ತಂದಿ ಮಗಳು ಅಂತ ಹೇಳಿಕೊಂಡು ಕೊಟ್ಟಾಳ. ಕೆರಿ ಕಟ್ಟಿಸಿ ದಾನಾ ಕೊಡಬೇಕಂದ್ರ ಕೈಯಾಗ ತನ್ನದು ಅನ್ನೋದು ಏನರೆ ಇರಬೇಕಲ್ಲ?

ಕಲ್ಲನಾಗಪ್ಪಗ ಹಾಲೆರಿಯೋದು 12ನೇ ಶತಮಾನದಾಗಂತೂ ಘಟ್ಟಿ ರೂಢಿ ಆಗಿತ್ತು. ಬಸವಣ್ಣನವರು ವಚನದಾಗ ಅದನ್ನ ಹಿಡದು ಪ್ರಶ್ನೆ ಮಾಡ್ಯಾರಂದ್ರ ಮನಿಮನ್ಯಾಗ ನಡೀತಿತ್ತು ಅಂತನ ಅರ್ಥ. ಅದ ಮಾತು ಹಿಡಕೊಂಡು ಈಗ ಎಷ್ಟೋ ಮಠದವರು, ಸಂಘದವರು ಬಸವ ಪಂಚಮಿ ಅಂತ ಸಾಲಿ ಮಕ್ಕಳಿಗೆ ಹಾಲು ಕುಡಸ್ತಾರ. ಚಲೋ ಕೆಲಸ. ನಾನು ಮನ್ಯಾಗ ಎರಡೂ ಮಾಡ್ತೀನಿ, ಮಣ್ಣಿನ ನಾಗಪ್ಪಗ ಒಂದೊಂದು ಹನಿ, ಉಳದದ್ದು ಹುಡುಗರಿಗೆ.

ಬಸವಣ್ಣನವರಿಗಿಂತ ತುಸು ಮೊದಲ, ಅದ ಕಲ್ಯಾಣದಾಗ, ಆರನೇ ವಿಕ್ರಮಾದಿತ್ಯನ ಕಾಲಕ್ಕ (1076-1126) ವಿಜ್ಞಾನೇಶ್ವರ ಅನ್ನೋ ಪಂಡಿತರಿದ್ರು. ಅವರು ಬರದ ಪುಸ್ತಕ ಮಿತಾಕ್ಷರಾ. ಇವತ್ತಿಗೂ ಆಸ್ತಿ ವ್ಯಾಜ್ಯ ಬಂದ್ರ ವಕೀಲರ ಬಾಯಾಗ ಬರೋ ಹೆಸರದು. ಬಂಗಾಲದ ಕಡೆ ಬಿಟ್ಟು ಹೆಚ್ಚುಕಡಿಮಿ ದೇಶದ ತುಂಬ ಹಿಂದೂ ಮನೆತನದ ಪಾಲು ಆ ಪುಸ್ತಕದ ಲೆಕ್ಕದಾಗ ನಡೀತು. ಹೆಣ್ಣಿನ ಸ್ವಂತದ್ದು, ಅಂದ್ರ ಸ್ತ್ರೀಧನ, ಬರೇ ಮದವ್ಯಾಗ ಕೊಟ್ಟ ಬಂಗಾರ ಅಷ್ಟ ಅಲ್ಲ, ವಾರಸಾದಿಂದ ಬಂದದ್ದು, ಕೊಂಡದ್ದು, ಪಾಲಿನ್ಯಾಗ ಬಂದದ್ದು ಎಲ್ಲಾ ಸೇರತೈತಿ ಅಂತ ಅವರು ಬರದಿದ್ರು. ಆದ್ರ ಹಿರ್ಯಾರ ಆಸ್ತ್ಯಾಗ ಹುಟ್ಟಿದ ಗಳಿಗಿಂದ ಹಕ್ಕು ಅನ್ನೋದು ಗಂಡುಮಕ್ಕಳಿಗೆ ಮಾತ್ರ ಉಳೀತು. ಹೊಲಾ ಅಣ್ಣ-ತಮ್ಮರದು, ಉಂಡಿ ಬುಟ್ಟಿ ಅಕ್ಕ-ತಂಗ್ಯಾರದು, ಹಿಂಗ ನಡಕೋತ ಬಂತು.

ಇಲ್ಲಿಂದ ನಮ್ಮ ಮನಿ ಕಥಿ ಸುರು.

ನಮ್ಮ ಅಪ್ಪಗ ಒಬ್ಬಾಕಿನ ತಂಗಿ. ನಮಗ ಅತ್ತಿ. ರೋಣದ ಕಡೆ ಕೊಟ್ಟಿದ್ರು. ನಮ್ಮ ಅಜ್ಜ ತೀರಿಕೊಂಡದ್ದು 1973ರಾಗ. ಮರುವರ್ಷ ಅಪ್ಪ ಅತ್ತಿನ್ನ ಪಂಚಮಿಗೆ ಕರಕೊಂಡು ಬಂದಾಗ ತಾಲೂಕ ಕಚೇರಿಗೆ ಕರಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ರು. 1956ರ ಕಾಯ್ದೆ ಬಂದ ಮ್ಯಾಲ ತಂದಿ ಸತ್ತರ ತಂದಿ ಪಾಲಿನ್ಯಾಗ ಮಗಳಿಗೂ ಬರತಿತ್ತು, ಅದಕ್ಕ ಆ ಹೆಬ್ಬೆಟ್ಟು. ಅತ್ತಿ ಎಂದೂ ಇದಕ್ಕ ಬ್ಯಾಸರ ಮಾಡಿಕೊಳ್ಳಲಿಲ್ಲ. "ಹೊಲಾ ತಗೊಂಡು ಏನ ಮಾಡಲಿ, ವರ್ಷಾ ನಮ್ಮಣ್ಣ ಕರಿಯಾಕ ಬರತಾನ, ನನಗ ಅಷ್ಟ ಸಾಕು" ಅನ್ನೋಳು. ಅಪ್ಪನೂ ಮಾತು ತಪ್ಪಲಿಲ್ಲ. ಮಳಿ ಇರಲಿ, ಬರ ಇರಲಿ, ಹೋಗಿ ಕರಕೊಂಡು ಬರೋರು. ಅತ್ತಿ ಐವತ್ತು ದಾಟಿದ ಮ್ಯಾಲೂ ಜೋಕಾಲಿ ಹತ್ತತಿದ್ಲು.

ಅಪ್ಪ ತೀರಿಕೊಂಡದ್ದು 2003ರಾಗ. ಅಣ್ಣ ಒಂದ ವರ್ಷ ಅತ್ತಿನ್ನ ಕರಕೊಂಡು ಬಂದ. ಆಮ್ಯಾಲ "ಹೊಲದ ಕೆಲಸ ಭಾಳ ಐತಿ" ಅಂದ. ಆಂವ ಕೆಟ್ಟಾಂವ ಅಲ್ಲ, ಅವಂಗ ಅತ್ತಿ ಅಂದ್ರ ಅಪ್ಪನ ಸಂಬಂಧ ಅಷ್ಟ. ಮೂರು-ನಾಕು ಪಂಚಮಿ ಅತ್ತಿ ಬಾಗಲಾಗ ಕುಂತು ಬಸ್ಸಿನ ಹಾದಿ ನೋಡ್ಯಾಳ ಅಂತ ಅವರ ಸೊಸಿ ಆಮ್ಯಾಲ ನನಗ ಹೇಳಿದ್ಲು. 2008ರಾಗ ಅತ್ತಿ ಹೋದ್ಲು.

ಮರುವರ್ಷ ಅಣ್ಣನ ಫೋನು ಬಂತು. "ಈ ಸಲ ಪಂಚಮಿಗೆ ಎರಡು ದಿನ ಮೊದಲ ಬಾ, ಅಕ್ಕನೂ ಬರಾಕತ್ತಾಳ, ತಾಲೂಕಿನ್ಯಾಗ ಸ್ವಲ್ಪ ಕೆಲಸ ಐತಿ." ನನಗ ಗೊತ್ತಾತು. ರೊಟ್ಟಿ ಹಬ್ಬದ ಮುಂಚಿನ ದಿನ ಮೂರೂ ಮಂದಿ ಸಬ್ ರಜಿಸ್ಟ್ರಾರ್ ಆಫೀಸಿನ ಹೊರಗ ಬೆಂಚಿನ ಮ್ಯಾಲ ಕುಂತಿದ್ವಿ. ಬರಹಗಾರ ಹಕ್ಕು ಬಿಡುಗಡಿ ಪತ್ರ ಓದಿ ಹೇಳಿದ. ಅರಿಶಿಣ-ಕುಂಕುಮಕ್ಕ ಅಂತ 5 ಸಾವಿರ ರೂಪಾಯಿ ಮುಟ್ಟೇತಿ, ಇನ್ನ ಮುಂದ ನಮಗಾಗಲಿ ನಮ್ಮ ವಾರಸದಾರರಿಗಾಗಲಿ ಯಾವ ಹಕ್ಕೂ ಇಲ್ಲ ಅಂತ. ಅಕ್ಕ ಸಹಿ ಮಾಡಿದ್ಲು. ಪೆನ್ನು ನನ್ನ ಕೈಗೆ ಬಂತು. ಕಣ್ಣ ಮುಂದ ಅತ್ತಿ ಬಂದ್ಲು. "ಹಬ್ಬ ಆಗಲಿ ಅಣ್ಣಾ, ಆಮ್ಯಾಲ ನೋಡೂಣು" ಅಂದೆ. ಅಣ್ಣ ಒಂದೂ ಮಾತಾಡಲಿಲ್ಲ.

ಪಂಚಮಿ ದಿನ ಅವ್ವ ಎಂದಿನಂಗ ಹಾಲೆರದ್ಲು. ಅಪ್ಪ ಇಲ್ಲದಿದ್ದರೂ ಅಪ್ಪನ ಪಾಲು ಎರದ್ಲು. ಅಣ್ಣನ ಪಾಲು, ವೈನಿ ಪಾಲು, ಹಿರೇ ಮಗಳ ಪಾಲು, ಸಣ್ಣ ಮಗಳ ಪಾಲು. ಎಲ್ಲಾರಿಗೂ ಒಂದ ಅಳತಿ. ಇಷ್ಟು ವರ್ಷ ಕೇಳಿದ ಶಬ್ದ, ಅವತ್ತ ನನ್ನ ಕಿವಿಗೆ ಬ್ಯಾರೆ ಕೇಳಿತು.

ಕಾಯ್ದೆ ಮಾತು ಇಲ್ಲಿ ತುಸು ಹೇಳಲೇಬೇಕು, ಎಷ್ಟೋ ಮಂದಿಗೆ ತಿಳದಿಲ್ಲ. ಮೈಸೂರು ಸಂಸ್ಥಾನದಾಗ 1933ರಾಗ ಒಂದು ಕಾಯ್ದೆ ಬಂದಿತ್ತು, ಪಾಲಾಗೂ ಮುಂದ ತಾಯಿಗೆ, ಮದವಿಯಾಗದ ಹೆಣ್ಮಕ್ಕಳಿಗೆ ಒಂದಿಷ್ಟು ಅಂಶ ಸಿಗತಿತ್ತು. ನಮ್ಮ ಧಾರವಾಡ ಜಿಲ್ಲಾ ಆಗ ಮುಂಬಯಿ ಪ್ರಾಂತದಾಗ, ನಮಗ ಅದು ಇರಲಿಲ್ಲ. ಸ್ವಾತಂತ್ರ್ಯ ಬಂದ ಮ್ಯಾಲ 1956ರ ಕಾಯ್ದೆ. ಆಮ್ಯಾಲ ಕರ್ನಾಟಕ ಸರ್ಕಾರ 1994ರಾಗ ತಿದ್ದುಪಡಿ ಮಾಡಿ, ಮಗಳಿಗೂ ಮಗನಂಗ ಹುಟ್ಟಿನಿಂದ ಹಕ್ಕು ಅಂತು. ಅದರಾಗ ಒಂದು ತೊಡಕು. ಆ ವರ್ಷದ ಜುಲೈ 30ಕ್ಕಿಂತ ಮೊದಲ ಮದವಿ ಆದವರಿಗೆ ಇಲ್ಲ. ನಮ್ಮಕ್ಕನ ಮದವಿ 1991ರಾಗ, ನಂದು 1996ರಾಗ. ಒಂದ ಹೊಟ್ಟ್ಯಾಗ ಹುಟ್ಟಿದ ಇಬ್ಬರಾಗ ನಾನು ಒಳಗ, ಅಕ್ಕ ಹೊರಗ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದವಿ ಆದವರು, ಆಗದವರು ಅನ್ನೋ ಭೇದ ಹೋತು. ಅಲ್ಲಿಗೂ ಮುಗೀಲಿಲ್ಲ. ಆ ದಿನ ತಂದಿ ಜೀವಂತ ಇದ್ದರಷ್ಟ ಮಗಳಿಗೆ ಹಕ್ಕು ಅಂತ 2015ರಾಗ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಪ್ಪ ಹೋದದ್ದು 2003ರಾಗ. ಕಡೀಕ 2020ರ ಆಗಸ್ಟ್ 11ಕ್ಕ ಅದ ಕೋರ್ಟಿನ ಮೂರು ಮಂದಿ ನ್ಯಾಯಾಧೀಶರು ಆ ಮಾತು ತಗದು ಹಾಕಿ, ತಂದಿ ಇರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದ ಅಂದ್ರು. ಆ ವರ್ಷ ಪಂಚಮಿ ಜುಲೈ 25ಕ್ಕ ಇತ್ತು. ಕೊರೊನಾದಾಗ ಯಾರೂ ಎಲ್ಲೂ ಹೋಗದ ಪಂಚಮಿ ಅದು. ಮುಗದು ಎರಡೂವರಿ ವಾರಕ್ಕ ತೀರ್ಪು. ಒಂದು ಮಾತು ಮಾತ್ರ ಖರೆ: 2004ರ ಡಿಸೆಂಬರ್ 20ಕ್ಕಿಂತ ಮೊದಲ ರಜಿಸ್ಟರ್ ಆದ ಪಾಲನ್ನ ಈ ತಿದ್ದುಪಡಿ ಮುಟ್ಟೂದಿಲ್ಲ. ನಿಮ್ಮ ನಿಮ್ಮ ಕಾಗದ ತಿಳದವರಿಗೆ ತೋರಿಸಿಕೊಳ್ರಿ.

ನಮ್ಮ ಕಥಿ. ನಾನು ಸಹಿ ಮಾಡಲಿಲ್ಲ. 2010ರ ಪಂಚಮಿಗೆ ಅಣ್ಣ ಬರಲಿಲ್ಲ. ಅದರ ಮರುವರ್ಷನೂ ಇಲ್ಲ. ಅಕ್ಕನ್ನ ಕರಕೊಂಡು ಹೋದ, ನನ್ನ ಬಿಟ್ಟ. ಅಕ್ಕ ಬರೂ ಮುಂದ ನನಗೂ ಉಂಡಿ ತರೋಳು, "ಅವ್ವ ಕೊಟ್ಟಾಳ" ಅಂತ. ಆ ಉಂಡಿ ನನ್ನ ಗಂಟಲಾಗ ಇಳೀತಿರಲಿಲ್ಲ. ಸುಳ್ಳ್ಯಾಕ ಹೇಳಲಿ, ಎಷ್ಟೋ ರಾತ್ರಿ ಸಹಿ ಹಾಕಿ ಕೊಟ್ಟುಬಿಡೂಣು ಅನ್ನಿಸೇತಿ. ನಮ್ಮ ಮನಿಯವರು ಏನೂ ಅನ್ನಲಿಲ್ಲ. "ನಿನ್ನ ತವರು, ನೀನ ನೋಡಕೊ" ಅಂದ್ರು.

ಐದು ಪಂಚಮಿ ಹಿಂಗ ಹೋದುವು. 2015ರಾಗ ನಾನ ಉಂಡಿ ಕಟ್ಟಿಕೊಂಡು, ಮಗಳನ್ನ ಕರಕೊಂಡು ನವಲಗುಂದ ಬಸ್ಸು ಹತ್ತಿದೆ. ಕರೀಲಾರದ ಪಂಚಮಿಗೆ ಹೋದ ಹೆಣಮಗಳು ನಮ್ಮ ಮನೆತನದಾಗ ನಾನ ಮೊದಲನೇದಾಕಿ ಇರಬೇಕು. ಬಾಗಲಾಗ ವೈನಿ ನಿಂತಿದ್ರು. ಒಂದ ಗಳಿಗಿ ಸುಮ್ಮನ ನೋಡಿದ್ರು, ಆಮ್ಯಾಲ ಚರಿಗಿ ತುಂಬ ನೀರು ತಂದು ಕಾಲಿಗೆ ಕೊಟ್ರು. ಅವರೂ ಯಾರದೋ ಮನಿ ಮಗಳಲ್ಲೇನ್ರಿ? ಅಣ್ಣ ಮಾತಾಡಲಿಲ್ಲ. ಸಂಜಿಕ ನೋಡಿದ್ರ ಬೇವಿನ ಗಿಡಕ್ಕ ಹಗ್ಗ ಕಟ್ಟಿ, ಕೂಡ್ರಾಕ ಹಲಗಿ ಇಡಾಕತ್ತಿದ್ದ. ಸೊಸ್ತಿ ಬರೇಬರ ಕೂಡ್ರಲಿ ಅಂತ.

ಆವತ್ತಿಂದ ಹೋಗಿ ಬಂದು ಮಾಡಾಕತ್ತೆ. ಕಾಗದದ ಮಾತು ಅಂವ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2022ರಾಗ ಅವ್ವ ಹಾಸಿಗಿ ಹಿಡದಾಗ ಒಂದು ರಾತ್ರಿ ಅಂವನ ಬಂದು ಕುಂತು, "ಏನ ಮಾಡೂಣು ಹೇಳು" ಅಂದ. "ನನ್ನ ಪಾಲು ನನ್ನ ಹೆಸರಿಗಿರಲಿ. ಅದರಾಗ ಅರ್ಧ ಅಕ್ಕಂದು ಅಂತ ನಾ ತಿಳಕೋತೀನಿ. ಬಿತ್ತೋದು, ಬೆಳಿಯೋದು ನೀನ ಮಾಡು" ಅಂದೆ. ಅಂವ ತಲಿ ಅಲ್ಲಾಡಿಸಿದ. ಈಗ ಎರಡು ಎಕರೆ ಚಿಲ್ಲರೆ ಉತಾರದಾಗ ನನ್ನ ಹೆಸರೈತಿ. ಸುಗ್ಗಿಗೆ ಒಂದು ಚೀಲ ಜ್ವಾಳ, ಅರ್ಧ ಚೀಲ ಕಡ್ಲಿ ಬರತೈತಿ. ಅಣ್ಣ ಮೊದಲಿನಂಗ ನನ್ನ ಜೋಡಿ ನಗೂದಿಲ್ಲ. ಅದೂ ಖರೆ, ಅದನ್ನೂ ಬರೀತೀನಿ.

ಬಿಟ್ಟುಕೊಟ್ಟವರನ್ನ ನಾನು ಆಡಿಕೊಳ್ಳೂದಿಲ್ಲ. ಅಣ್ಣ ಸಾಲದಾಗಿದ್ರ, ಹೊಲಾ ತುಂಡು ಇದ್ರ, ಮನಸಾರೆ ಬಿಟ್ಟುಕೊಡೋದು ದೊಡ್ಡ ಗುಣ. ಆದ್ರ ಪಂಚಮಿಗೆ ಕರಿಯೋದು ತವರಿನ ಕರ್ತವ್ಯ, ಪಾಲು ಮಗಳ ಹಕ್ಕು. ಒಂದನ್ನ ಕೊಟ್ಟು ಇನ್ನೊಂದನ್ನ ಕೊಂಡುಕೊಳ್ಳೋ ಹಂಗ ಮಾಡಬಾರದು. ನಮ್ಮತ್ತಿ ಹಂಗ ಕೊಂಡಿದ್ಲು, ಆಕಿ ಕೊಂಡದ್ದು ಅಪ್ಪನ ಜೀವ ಇರೂತನಕ ಮಾತ್ರ ನಡೀತು. ನನಗ ಮಗ ಒಬ್ಬ, ಮಗಳು ಒಬ್ಬಾಕಿ ಇದ್ದಾರ. ನಮ್ಮ ಮನ್ಯಾಗ ಕಾಗದ ಈಗಲೇ ಬರಸಿ ಇಟ್ಟೇವಿ, ಪಂಚಮಿ ಅವರವರ ಪ್ರೀತಿಗೆ ಬಿಟ್ಟೇವಿ.

ಈ ಸಲ ಬೇಸನ ಉಂಡಿ ಆ ಹೊಲದ ಕಡ್ಲಿದು. ನಾಡಿದ್ದು ಅಕ್ಕ, ನಾನು ಕೂಡೇ ಹೋಗತೀವಿ. ಅವ್ವ ಈಗ ಇಲ್ಲ, ಹಾಲೆರಿಯೋದು ವೈನಿ ಕೆಲಸ. ಹೋದ ವರ್ಷ ಅವರು ಎಲ್ಲಾರ ಪಾಲು ಎರದು ಬಟ್ಟಲ ಕೆಳಗ ಇಡೂ ಮುಂದ ನಾನು ಕೈ ಹಿಡದು, "ವೈನಿ, ಇನ್ನೊಂದು ಐತಿ" ಅಂದೆ. ಅವರಿಗೆ ತಿಳೀತು. ಬಟ್ಟಲದಾಗ ಉಳದದ್ದಷ್ಟೂ ಎರದು, "ಅತ್ತಿ ಪಾಲು" ಅಂದ್ರು.